ಆಚೆಗೆ ತಿರುಗಿಸಿದ ಕೈ

ಏಪ್ರಿಲ್ ೮, ಮಂಗಳವಾರ

ಆಸ್ಪತ್ರೆಯಿಂದ ಈಗಷ್ಟೇ ಬಂದೆ. ಭಾಮೈದನ ಪಾದ ಉಳಿಯಿತು. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಕಾಲು ಇದೆ, ಆದ್ರೆ ಪಾದದ ಕೀಲು ಮೊದಲಿನ ಹಾಗೆ ಆಡಲ್ಲ" ಎಂದರು. ಅವನು ಟೈಲರು. ಹದಿನೆಂಟರ ಪ್ರಾಯದಿಂದ ಬಲಗಾಲಲ್ಲಿ ಮೆಷಿನ್ ತುಳಿದವನು. ಡಾಕ್ಟರಿಗೆ ಅದನ್ನು ಹೇಳಬೇಕು ಅನ್ನಿಸಿತು, ಹೇಳಲಿಲ್ಲ.

ಭಾನುವಾರದ್ದನ್ನು ಇಲ್ಲಿ ಬರೆದಿಟ್ಟರೆ ತಲೆ ಸ್ವಲ್ಪ ಹಗುರಾದೀತು. ಕೆರೆಯಲ್ಲಿ ಮೋಟಾರ್ ಬೋಟು ಬಾಡಿಗೆಗೆ ಕೊಡುತ್ತಾರೆ. ನಾನು, ನನ್ನ ಹೆಂಡತಿ, ಅವಳ ತಮ್ಮ, ತಮ್ಮನ ಹೆಂಡತಿ, ನಾಲ್ವರೂ ಹೋಗಿದ್ದೆವು. ಬೋಟಿನ ಸಾಹುಕಾರ ಕೇಳಿದ್ದು ಒಂದೇ ಪ್ರಶ್ನೆ: "ಕಾರು ಓಡಿಸ್ತೀರಾ ಸಾರ್?" ನನ್ನ ಹೆಂಡತಿ ನಕ್ಕಳು. "ಊರಿಗೆಲ್ಲ ಓಡಿಸೋದು ಕಲಿಸೋರೇ ಇವರು. ಇಪ್ಪತ್ತೈದು ವರ್ಷದಿಂದ ಡ್ರೈವಿಂಗ್ ಸ್ಕೂಲು ಇದೆ." "ಹಾಗಾದ್ರೆ ನಿಮಗೆ ನಾವೇನ್ ಹೇಳ್ಕೊಡೋದು!" ಎಂದು ಅವನು ಬೀಗದ ಕೈ ಕೊಟ್ಟ. ಹಿಡಿಯನ್ನು ಮುಂದೆ ತಳ್ಳಿದರೆ ಮುಂದಕ್ಕೆ, ಹಿಂದೆ ಎಳೆದರೆ ಹಿಂದಕ್ಕೆ. ಪಾಠ ಮುಗಿಯಿತು.

ಭಾಮೈದ ಒಳ್ಳೆಯ ಈಜುಗಾರ. ಕೆರೆಯ ನಡುವೆ ಧುಮುಕಿ ಈಜತೊಡಗಿದ. ನಾನು ಹೆಂಗಸರಿಗೆ ಒಂದು ಸುತ್ತು ಹೊಡೆಸಿ ಅವನನ್ನು ಹತ್ತಿಸಿಕೊಳ್ಳಲು ವಾಪಸು ಬಂದೆ. ಬಂದದ್ದು ಸ್ವಲ್ಪ ಜೋರಾಯಿತು. ಬಲಗಾಲು ಬ್ರೇಕು ಹುಡುಕಿತು. ಬೋಟಿಗೆ ಬ್ರೇಕಿಲ್ಲ ಎಂಬುದು ನನ್ನ ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಅವನು ಬಲಗಡೆ ಇದ್ದ. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ, ಅವನಿಂದ ಆಚೆಗೆ ತಿರುಗಿಸಿದೆ. ಬೋಟಿನ ಮೂತಿ ಅವನಿಂದ ಒಂದು ಮಾರು ದೂರದಲ್ಲೇ ಹಾದುಹೋಯಿತು, ಕಣ್ಣಾರೆ ಕಂಡಿದ್ದೇನೆ. ಆಮೇಲೆ ಕೂಗು ಕೇಳಿತು. ಬೋಟಿನ ಹಿಂದೆ ನೀರಿನೊಳಗೆ ತಿರುಗುವ ಫ್ಯಾನು ಅವನ ಕಾಲಿಗೆ ಹೊಡೆದಿತ್ತು.

ಗಾಬರಿಯಲ್ಲಿ ಅವನೇ ಬೋಟಿನ ಕಡೆಗೆ ಈಜಿರಬೇಕು. ನಾನು ತಿರುಗಿಸಬೇಕಾದ ಕಡೆಗೇ ತಿರುಗಿಸಿದೆ.

ಏಪ್ರಿಲ್ ೧೨, ಶನಿವಾರ

ಭಾಮೈದ ಎದ್ದು ಕೂತಿದ್ದಾನೆ. ನೋಡಲು ಬಂದವರಿಗೆಲ್ಲ ಕತೆ ಹೇಳುತ್ತಾನೆ, ಸಲಕ್ಕೊಂದು ಬಣ್ಣ ಹಚ್ಚಿ. "ಬೋಟು ಸೀದಾ ನನ್ನ ತಲೆಗೇ ಬರ್ತಿತ್ತು. ಭಾವ ಕಣ್ಣು ಮಿಟುಕಿಸೋದ್ರೊಳಗೆ ತಿರುಗಿಸಿಬಿಟ್ರು. ಬೇರೆ ಯಾರಾದ್ರೂ ಆಗಿದ್ರೆ ಇವತ್ತು ನನ್ನ ಫೋಟೋ ನೋಡೋಕೆ ಬರಬೇಕಾಗಿತ್ತು ನೀವು." ಪಕ್ಕದ ಮಂಚದ ಮುದುಕರು, "ತಲೆಗೆ ಬಂದದ್ದು ರುಮಾಲಿಗೆ ಹೋಯ್ತು ಅನ್ನಿ" ಎಂದರು. "ರುಮಾಲಿಗಲ್ಲ ಸ್ವಾಮಿ, ಕಾಲಿಗೆ" ಎಂದು ಬ್ಯಾಂಡೇಜು ತೋರಿಸಿ ಅವನೇ ಮೊದಲು ನಕ್ಕ. ಅವನ ಹೆಂಡತಿ ಕಣ್ಣು ಒರೆಸಿಕೊಂಡು, "ಅಣ್ಣಾ, ನೀವು ಇಲ್ದಿದ್ರೆ ನನ್ನ ಗತಿ ಏನು?" ಎಂದಳು.

ನಾನು ಅಂಥದ್ದೇನು ಮಾಡಿಲ್ಲಮ್ಮ ಎಂದೆ. ಹಾಗೆ ಅಂದದ್ದು ವಿನಯಕ್ಕೆ. ಒಳಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ? ವಾರದಿಂದ ಎದೆಯ ಮೇಲಿದ್ದ ಭಾರ ಇಳಿದ ಹಾಗಾಯಿತು.

ಏಪ್ರಿಲ್ ೨೧, ಸೋಮವಾರ

ಸ್ಕೂಲು ಮತ್ತೆ ತೆರೆದೆ. ಬೆಳಿಗ್ಗೆ ಕನ್ನಡಕದ ಮೇಡಂ ಬಂದಿದ್ದರು. ಗಣಿತ ಕಲಿಸುವವರು, ಗೇರು ಹಾಕುವಾಗಲೂ ಮನಸ್ಸಿನಲ್ಲೇ ಲೆಕ್ಕ ಮಾಡುವವರು. ಮಾರುಕಟ್ಟೆಯ ತಿರುವಿನಲ್ಲಿ, ಕಲಿಸುವವನಿಗೆಂದು ನನ್ನ ಕಡೆ ಇರುವ ಬ್ರೇಕು ಒತ್ತಿದೆ. "ಸಾರ್, ನಾನು ಒತ್ತುತ್ತಾ ಇದ್ದೆ" ಎಂದರು. ತಡವಾಗಿ ಒತ್ತುತ್ತಾ ಇದ್ದಿರಿ ಎಂದೆ. ಇನ್ನೊಂದು ವಾರ ಕಲಿಯಲಿ, ಪರೀಕ್ಷೆಗೆ ಅವಸರವೇನು?

ಪೇಪರಿನಲ್ಲಿ ನಮ್ಮ ಸುದ್ದಿ ಸಣ್ಣದಾಗಿ ಬಂದಿದೆ. ಮೋಜಿಗೆ ಬೋಟು ಓಡಿಸುವವರಿಗೂ ತರಬೇತಿ, ಲೈಸೆನ್ಸು ಕಡ್ಡಾಯ ಮಾಡಬೇಕೇ ಎಂದು ಪುರಸಭೆ ಯೋಚಿಸುತ್ತಿದೆಯಂತೆ. ಕೆರೆಗೂ ಲೈಸೆನ್ಸಾ? ನಾಳೆ ಬಚ್ಚಲುಮನೆಗೂ ಕೇಳುತ್ತಾರೆ. ಲೈಸೆನ್ಸು ಇಟ್ಟುಕೊಂಡವರು ದಿನಾ ಕಂಬಕ್ಕೆ ಗುದ್ದುವುದನ್ನು ನಾನು ನೋಡಿಲ್ಲವೇ? ಕೈಯಲ್ಲಿ ಹತೋಟಿ ಇರಬೇಕು, ಜೇಬಿನಲ್ಲಿ ಕಾರ್ಡಲ್ಲ.

ಮೇ ೩, ಶನಿವಾರ

ಭಾಮೈದ ಆಸ್ಪತ್ರೆಯಿಂದ ತನ್ನ ಮನೆಗೆ ಬಂದ. ಬಲಪಾದ ಹಲಗೆಯಂತೆ ನೆಟ್ಟಗೆ ನಿಂತಿದೆ. ಮೆಷಿನ್ನಿಗೆ ಮೋಟಾರು ಹಾಕಿಸಿದ್ದೇವೆ, ಕಾಲಿನ ಹತ್ತಿರ ಸಣ್ಣ ಪೆಡಲು. ಅದನ್ನು ಎಡಗಾಲಲ್ಲಿ ಒತ್ತಬೇಕು. ಒತ್ತಿದ ತಕ್ಷಣ ಮೆಷಿನ್ನು ಹುಚ್ಚು ಕುದುರೆಯಂತೆ ಓಡಿ ಬಟ್ಟೆಯೆಲ್ಲ ಸುಕ್ಕಾಯಿತು. ಇಲ್ಲಿ ನನ್ನ ವಿದ್ಯೆ ಉಪಯೋಗಕ್ಕೆ ಬಂತು. ಹಿಮ್ಮಡಿ ನೆಲಕ್ಕೆ ಊರು, ಹೆಬ್ಬೆರಳಲ್ಲಿ ಮಾತ್ರ ಒತ್ತು, ಪೆಡಲಿನ ಕೆಳಗೆ ಮೊಟ್ಟೆ ಇದೆ ಅಂದುಕೋ ಎಂದೆ. ಮಧ್ಯಾಹ್ನದ ಹೊತ್ತಿಗೆ ಒಂದು ದಿಂಬಿನ ಚೀಲ ಹೊಲಿದ. ಹೊಲಿಗೆ ಸೊಟ್ಟಗಿತ್ತು. ಅದನ್ನೇ ತಿರುಗಿಸಿ ತಿರುಗಿಸಿ ನೋಡಿ ಪಕ್ಕಕ್ಕಿಟ್ಟ.

ನಾನು ಹೊರಡುವಾಗ ಅವನು ಟೇಪು ತೆಗೆದು, "ಬಗ್ಗಿ ಭಾವ, ನಾನು ಏಳೋಕಾಗಲ್ಲ" ಎಂದ. ಯಾಕೋ ಎಂದೆ. "ನಿಮಗೊಂದು ಶರ್ಟು. ಹೊಸ ಕಾಲಿನ ಮೊದಲನೇ ಶರ್ಟು ಜೀವ ಉಳಿಸಿದವರಿಗೇ ಆಗಬೇಕು." ಸ್ಟೂಲಿನ ಮೇಲೆ ಕೂತೇ ಭುಜ, ಎದೆ, ತೋಳು ಅಳೆದ. ನನ್ನ ಚಾಳಿ ಅವನಿಗೆ ಗೊತ್ತು. ನಾನು ಎಡಗೈಯವನು, ಜೇಬು ಬಲಗಡೆ ಬೇಕು, ಅದರಲ್ಲಿ ಪೆನ್ನಿಗೆ ಬೇರೆ ಮನೆ ಬೇಕು. ನೀಲಿ ಚೌಕುಳಿ ಬಟ್ಟೆ ಆರಿಸಿಟ್ಟಿದ್ದಾನೆ.

ಮೇ ೯, ಶುಕ್ರವಾರ

ಇದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ.

ಮೇಡಂಗೆ ರಿವರ್ಸು ಕಲಿಸುತ್ತಿದ್ದೆ. ಗೋಡೆಯ ಪಕ್ಕದಿಂದ ಕಾರು ಹಿಂದಕ್ಕೆ ತೆಗೆಯಬೇಕು. ದಿನಾ ಹೇಳುವ ಮಾತನ್ನೇ ಹೇಳಿದೆ: "ಹಿಂದೆ ಮಾತ್ರ ನೋಡಿದ್ರೆ ಸಾಲ್ದು ಮೇಡಂ. ನೀವು ಹಿಂದಕ್ಕೆ ಹೋಗುವಾಗ ಕಾರಿನ ಮೂತಿ ಆಚೆ ಕಡೆಗೆ ಬೀಸುತ್ತೆ. ಪಕ್ಕದಲ್ಲಿ ಯಾರಾದ್ರೂ ನಿಂತಿದ್ರೆ ಮೂತಿ ಅವರಿಗೆ ಬಡಿಯುತ್ತೆ." ಅವರು ಕೇಳಿದರು, "ಯಾಕೆ ಸಾರ್ ಹಾಗೆ?" ಸಾವಿರ ಸಲ ಕೊಟ್ಟ ಉತ್ತರವನ್ನೇ ಕೊಟ್ಟೆ. "ರಿವರ್ಸಲ್ಲಿ ತಿರುಗೋ ಚಕ್ರ, ಅಂದ್ರೆ ಮುಂದಿನ ಚಕ್ರ, ಹಿಂದೆ ಉಳಿಯುತ್ತೆ. ತಿರುಗಿಸೋದು ಹಿಂದಿದ್ರೆ ಆ ಹಿಂದಿನ ತುದಿ ಯಾವಾಗ್ಲೂ ಆಚೆಗೆ ಬೀಸುತ್ತೆ."

ಹೇಳಿ ಬಾಯಿ ಮುಚ್ಚುವ ಮೊದಲೇ ಹೊಳೆಯಿತು. ಬೋಟನ್ನು ತಿರುಗಿಸುವ ಮೋಟಾರು ಇರುವುದು ಹಿಂದೆ. ಮುಂದಕ್ಕೆ ಹೋಗುವ ಬೋಟು ರಿವರ್ಸಿನಲ್ಲಿರುವ ಕಾರು. ಮೂತಿಯನ್ನು ನಾನು ಎಡಕ್ಕೆ ತಿರುಗಿಸಿದೆ, ಬಾಲ ಬಲಕ್ಕೆ ಬೀಸಿತು. ಬಲಕ್ಕೆ ಅವನಿದ್ದ.

ಅವನು ಬೋಟಿನ ಕಡೆಗೆ ಈಜಿಬರಲಿಲ್ಲ. ಬೋಟಿನ ಬಾಲವನ್ನು ನಾನೇ ಅವನ ಕಡೆಗೆ ಎಸೆದೆ.

ಮೇಡಂ "ಸಾರ್? ಸಾರ್?" ಎನ್ನುತ್ತಿದ್ದರು. ಇವತ್ತಿಗೆ ಸಾಕು ಎಂದು ಇಳಿದೆ.

ಮೇ ೧೦, ಶನಿವಾರ

ಕೆರೆಯ ಸೇತುವೆಯ ಮೇಲೆ ನಿಂತು ಬೋಟುಗಳನ್ನು ನೋಡಿದೆ. ಪ್ರತಿಯೊಂದೂ ತಿರುಗುವಾಗ ಬಾಲ ಹೊರಗೆ ಬೀಸುತ್ತದೆ. ಒಂದೂ ಬಿಡದೆ.

ಮೇ ೧೭, ಶನಿವಾರ

ಬೋಟಿನ ಸಾಹುಕಾರ ಸ್ಕೂಲಿಗೇ ಬಂದಿದ್ದ, ಹಣ್ಣಿನ ಚೀಲ ಹಿಡಿದು. ಜೂನ್ ನಾಲ್ಕಕ್ಕೆ ಪುರಸಭೆಯಲ್ಲಿ ಸಭೆ. ಲೈಸೆನ್ಸು ಬೇಡ ಎನ್ನುವವರ ಕಡೆಯಿಂದ ನಾನು ಮಾತಾಡಬೇಕಂತೆ. "ನಿಮಗೆ ಬೋಟಿನ ಲೈಸೆನ್ಸು ಇತ್ತಾ ಸಾರ್? ಇರ್ಲಿಲ್ಲ. ಆದ್ರೂ ಒಂದು ಜೀವ ಉಳಿಸಿದ್ರಿ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ವಾರಕ್ಕೊಂದು ದಿನ ಜನ ನೀರಿನ ಮೇಲೆ ಹಾಯಾಗಿ ಇರ್ತಾರೆ, ಅದಕ್ಕೂ ಕ್ಲಾಸು, ಅದಕ್ಕೂ ಪರೀಕ್ಷೆ ಅಂದ್ರೆ ಯಾರು ಬರ್ತಾರೆ?"

ಅವನ ಮಾತಿನಲ್ಲಿ ಸುಳ್ಳೇನೂ ಇಲ್ಲ, ಅವನಿಗೆ ಗೊತ್ತಿರುವ ಮಟ್ಟಿಗೆ. ಸುಮಾರು ನಾಲ್ಕು ವಾರದ ಹಿಂದೆ ಇದೇ ಮಾತನ್ನು ನಾನೂ ಇಲ್ಲಿ ಬರೆದಿದ್ದೆ. ಹೊರಡುವಾಗ, "ತಪ್ಪು ಮಾಡಿದವರು ಹೆದರಬೇಕು, ನಿಮಗೇನು ಹೆದರಿಕೆ!" ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನನ್ನ ಕೈ ತಾನಾಗಿ ಮೇಜಿನ ಕೆಳಗೆ ಹೋಯಿತು.

ಭಾಮೈದನನ್ನೂ ಕೇಳಿದ್ದಾನೆ. ಭಾಮೈದ ಕುಣಿಯುತ್ತಾ ಒಪ್ಪಿಕೊಂಡಿದ್ದಾನಂತೆ, ಒಂದು ಕಾಲಲ್ಲಿ ಎಷ್ಟು ಕುಣಿಯಬಹುದೋ ಅಷ್ಟು. ಹೀಗೆಂದದ್ದು ಭಾಮೈದನೇ.

ಮೇ ೨೫, ಭಾನುವಾರ

ಶರ್ಟಿನ ಅಳತೆ ನೋಡಲು ಕರೆದಿದ್ದ. ಗುಂಡಿ ಇನ್ನೂ ಹಾಕಿಲ್ಲ. ಹೊಲಿಗೆ ಈಗ ನೆಟ್ಟಗೆ ಬರುತ್ತಿದೆ. ಕನ್ನಡಿಯ ಮುಂದೆ ನಿಲ್ಲಿಸಿ ಪಿನ್ನು ಚುಚ್ಚುತ್ತಾ ಭಾಷಣ ಒಪ್ಪಿಸಿದ: "ಸಭಿಕರೇ, ನಮ್ಮ ಭಾವನ ಕೈ ಇರೋವರೆಗೂ..." ನಡುವೆ ನಿಲ್ಲಿಸಿ, "ಬೆವರ್ತಿದೀರಲ್ಲ ಭಾವ, ಬಟ್ಟೆ ದಪ್ಪ ಆಯ್ತಾ?" ಎಂದು ಕೇಳಿದ. ಹೂಂ, ದಪ್ಪ ಎಂದೆ.

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಹೇಳಿ ಏನು ಪ್ರಯೋಜನ? ಹೇಳಿದರೆ ಅವನ ಪಾದ ಮಡಚುತ್ತದೆಯೇ? ಅವನಿಗೆ ಉಳಿದಿರುವುದು ಈ ಒಂದು ಕತೆ, ಅದನ್ನೂ ಕಿತ್ತುಕೊಳ್ಳಲೇ? ಹೀಗೆಲ್ಲ ವಾದ ಮಾಡುತ್ತೇನೆ. ವಾದದ ಕೊನೆಗೆ ನೋಡಿದರೆ ಉಳಿಯುವುದು ಅವನ ಕತೆಯಲ್ಲ, ನನ್ನ ಮರ್ಯಾದೆ. ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತಿದೆ.

ಕೆರೆಯಲ್ಲಿ ಇವತ್ತೂ ಭಾನುವಾರ. ಕಾರು ಓಡಿಸಲು ಬರುತ್ತದೆ ಎಂದು ಹೇಳಿ ಎಷ್ಟು ಜನ ಬೀಗದ ಕೈ ಇಸಿದುಕೊಂಡರೋ.

ಮೇ ೩೧, ಶನಿವಾರ

ಹೇಳಿದೆ.

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ತಣ್ಣಗಿತ್ತು. ಅದರ ಬಲಗಡೆ, ಮೂತಿಗಿಂತ ಸ್ವಲ್ಪ ಮುಂದೆ, ಒಂದು ನೂಲಿನ ಉಂಡೆ ಇಟ್ಟೆ. ಇದು ಬೋಟು, ಇದು ನೀನು ಎಂದೆ. "ಅಷ್ಟು ದಪ್ಪ ಇಲ್ಲ ಭಾವ ನಾನು" ಎಂದು ನಕ್ಕ. ಇಸ್ತ್ರಿಪೆಟ್ಟಿಗೆಯ ಹಿಂಭಾಗ ಹಿಡಿದು ಮೆಲ್ಲಗೆ ಮುಂದಕ್ಕೆ ತಳ್ಳಿದೆ. ಮೂತಿಯನ್ನು ಎಡಕ್ಕೆ ತಿರುಗಿಸಿದೆ. ಮೂತಿ ಉಂಡೆಯನ್ನು ತಪ್ಪಿಸಿತು. ಹಿಂಭಾಗ ಬೀಸಿ ಬಂದು ಉಂಡೆಯನ್ನು ಹೊಡೆಯಿತು. ಅದು ಉರುಳಿ ನೆಲಕ್ಕೆ ಬಿತ್ತು. ನೂಲು ಬಿಚ್ಚಿಕೊಳ್ಳುತ್ತಾ ಮೆಷಿನ್ನಿನ ಕೆಳಗೆ ಹೋಯಿತು.

"ಇನ್ನೊಂದ್ಸಲ ಮಾಡಿ" ಎಂದ. ಮಾಡಿದೆ. ಆಮೇಲೆ ಅವನೇ ಮಾಡಿದ.

"ನೀವು ತಿರುಗಿಸದೇ ಇದ್ದಿದ್ರೆ?"

"ಮೋಟಾರು ಆಫ್ ಮಾಡಿದ್ರೆ ಸಾಕಿತ್ತು. ಇಲ್ಲಾ, ಮೂತಿ ನಿನ್ನನ್ನ ದಾಟಿದ ಮೇಲೆ ನಿನ್ನ ಕಡೆಗೇ ತಿರುಗಿಸಬೇಕಿತ್ತು. ಆಗ ಬಾಲ ನಿನ್ನಿಂದ ದೂರ ಹೋಗ್ತಿತ್ತು."

ಅವನು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಇದನ್ನ ನನಗ್ಯಾಕೆ ಹೇಳಿದ್ರಿ?" ಎಂದ. "ಆಸ್ಪತ್ರೇಲಿ ಡ್ರೆಸಿಂಗ್ ಬಿಚ್ಚುವಾಗೆಲ್ಲ ನಾನು ಏನ್ ಅಂದ್ಕೋತಿದ್ದೆ ಗೊತ್ತಾ? ಹೋಗ್ಲಿ, ತಲೆ ಉಳೀತಲ್ಲ, ನಮ್ಮವರೊಬ್ಬರು ಉಳಿಸಿದ್ರಲ್ಲ ಅಂತ. ಹಲ್ಲು ಕಚ್ಚಿ ಹಿಡ್ಕೊಂಡಿದ್ದೇ ಅದನ್ನ. ಈಗ ಏನ್ ಹಿಡ್ಕೊಳ್ಲಿ?"

ಕಣ್ಣಲ್ಲಿ ನೀರು ಬಂತು, ಅದನ್ನು ಅವನಿಗೆ ತೋರಿಸುವ ಹಕ್ಕೂ ನನಗಿಲ್ಲ ಅನ್ನಿಸಿ ಬಾಗಿಲ ಕಡೆ ತಿರುಗಿದೆ.

"ಹೋಗಿ. ಅಂಗಡಿ ಮುಚ್ಚಬೇಕು" ಎಂದ. ಮಧ್ಯಾಹ್ನದ ಹೊತ್ತು, ಮುಚ್ಚುವ ವೇಳೆಯಲ್ಲ.

ಜೂನ್ ೧, ಭಾನುವಾರ

ಹೆಂಡತಿಗೆ ಅವಳ ತಮ್ಮ ಫೋನು ಮಾಡಿ ಹೇಳಿದ್ದಾನೆ. "ರೀ, ಮೂರು ವಾರ ಒಂದೇ ತಟ್ಟೆಲಿ ಉಂಡ ಹಾಗೆ ಪಕ್ಕದಲ್ಲಿ ಕೂತು ಉಂಡ್ರಲ್ಲ, ನನಗೆ ಹೇಳ್ಬೇಕು ಅನ್ನಿಸಲಿಲ್ವಾ?" ಎಂದಳು. ಹೇಗೆ ಹೇಳಲಿ ಎಂದೆ. "ಅವನಿಗೆ ಹೇಳಿದ ಹಾಗೆ. ನಮ್ಮನೇಲೂ ಇಸ್ತ್ರಿಪೆಟ್ಟಿಗೆ ಇದೆ." ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದಳು. ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಜೂನ್ ೪, ಬುಧವಾರ

ಸಭೆ ಮುಗಿಯಿತು. ಪುರಸಭೆಯ ಸಭಾಂಗಣ ತುಂಬಿತ್ತು. ಬೋಟಿನ ಸಾಹುಕಾರ ಚೆನ್ನಾಗಿಯೇ ಮಾತಾಡಿದ. ಲೈಸೆನ್ಸು ಬಂದರೆ ಸಣ್ಣ ಬೋಟಿನವರು ಬಾಗಿಲು ಹಾಕಬೇಕಾಗುತ್ತದೆ, ಲೈಸೆನ್ಸು ಇದ್ದ ಮಾತ್ರಕ್ಕೆ ಬುದ್ಧಿ ಬರುವುದಿಲ್ಲ ಎಂದ. ಚಪ್ಪಾಳೆ ಬಿತ್ತು. ಆಮೇಲೆ, "ಈಗ ಒಂದು ಜೀವ ಉಳಿಸಿದವರು ಮಾತಾಡ್ತಾರೆ" ಎಂದು ನನ್ನ ಕಡೆ ಕೈ ತೋರಿಸಿದ.

ಬರೆದುಕೊಂಡು ಹೋಗಿರಲಿಲ್ಲ. ಹೇಳಿದ್ದು ಇಷ್ಟು: "ಲೈಸೆನ್ಸ್ ಇದ್ದವರೂ ಗುದ್ದುತ್ತಾರೆ, ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದ್ರೆ ಆವತ್ತು ನಾನು ಯಾರ ಜೀವಾನೂ ಉಳಿಸಲಿಲ್ಲ. ಕಾರಿನ ಕೈಯಲ್ಲಿ ಬೋಟು ತಿರುಗಿಸಿ ನನ್ನ ಭಾಮೈದನ ಕಾಲಿಗೆ ಹೊಡೆದೆ. ಏನೂ ಗೊತ್ತಿಲ್ಲದವನಾಗಿದ್ರೆ ಹೆದರಿ ಮೋಟಾರು ಆಫ್ ಮಾಡ್ತಿದ್ದೆ. ನನಗೆ ಗೊತ್ತು ಅಂತ ಅಂದ್ಕೊಂಡಿದ್ದೆ, ಅದೇ ತೊಂದರೆ ಆಯ್ತು. ಕಾರ್ಡು ಕೊಡ್ತೀರೋ ಬಿಡ್ತೀರೋ ನನಗೆ ಗೊತ್ತಿಲ್ಲ. ಬೀಗದ ಕೈ ಕೊಡೋ ಮುಂಚೆ ಬೋಟಿಗೆ ಬಾಲ ಇದೆ ಅಂತ ಯಾರಾದ್ರೂ ನೀರಿನ ಮೇಲೇ ತೋರಿಸಬೇಕು."

ಸಾಹುಕಾರ ನನ್ನ ಕಡೆ ನೋಡಲಿಲ್ಲ. ಅಧ್ಯಕ್ಷರು ಹಿಂದಿನ ಸಾಲಿನತ್ತ ನೋಡಿ, "ಗಾಯವಾದವರು ಬಂದಿದ್ದಾರಂತೆ, ಏನಾದ್ರೂ ಹೇಳ್ತೀರಾ?" ಎಂದರು. ಅವನು ಬಂದದ್ದು ನನಗೆ ಗೊತ್ತೇ ಇರಲಿಲ್ಲ. ಊರುಗೋಲು ಊರಿ ಎದ್ದ.

"ಲೈಸೆನ್ಸು ಕೊಡೋದಾದ್ರೆ ಎಲ್ಲರಿಗೂ ಕೊಡಿ ಸ್ವಾಮಿ. ಈ ಸಾಹೇಬರಿಗೆ ಮಾತ್ರ ಕೊನೇಲಿ ಕೊಡಿ."

ಸಭೆಗೆ ಸಭೆಯೇ ನಕ್ಕಿತು. ಅವನು ನಗಲಿಲ್ಲ. ಭಾವ ಅನ್ನಲಿಲ್ಲ, ಸಾಹೇಬರು ಅಂದ. ನನ್ನನ್ನು ದಾಟಿಕೊಂಡೇ ಹೊರಗೆ ಹೋದ.

ಲೈಸೆನ್ಸಿನ ವಿಷಯ ಮುಂದಕ್ಕೆ ಹೋಗಿದೆ. ಸದ್ಯಕ್ಕೆ, ಬೋಟು ಬೇಕಾದವರು ಮೊದಲು ಅರ್ಧ ದಿನ ನೀರಿನ ಮೇಲೆ ಕಲಿಯಲೇಬೇಕು ಎಂದು ತೀರ್ಮಾನವಾಯಿತು. ಮೊದಲ ತಂಡಕ್ಕೆ ಹೆಸರು ಕೊಟ್ಟು ಬಂದೆ.

ಜೂನ್ ೧೮, ಬುಧವಾರ

ಕನ್ನಡಕದ ಮೇಡಂ ಪರೀಕ್ಷೆಯಲ್ಲಿ ಪಾಸು. ನಿನ್ನೆ ಕೊನೆಯ ಸುತ್ತಿನಲ್ಲಿ, "ಇವತ್ತು ಒಂದ್ಸಲಾನೂ ನಿಮ್ಮ ಬ್ರೇಕು ಒತ್ತಲಿಲ್ಲವಲ್ಲ ಸಾರ್, ಹುಷಾರಿಲ್ವಾ?" ಎಂದರು. ಗಮನಿಸಿರಲಿಲ್ಲ ಎಂದೆ.

ಭಾಮೈದನ ಅಂಗಡಿಯ ಮುಂದೆ ದಿನಾ ಹೋಗುತ್ತೇನೆ. ಬಾಗಿಲು ತೆರೆದಿರುತ್ತದೆ. ಅವನು ತಲೆ ಎತ್ತುವುದಿಲ್ಲ.

ಜೂನ್ ೨೨, ಭಾನುವಾರ

ಬೋಟಿನ ಪಾಠ. ಕಲಿಸುವಾಕೆ ಮುಂಚೆ ನೀರಿನಲ್ಲಿ ಜನರನ್ನು ರಕ್ಷಿಸುವ ದಳದಲ್ಲಿದ್ದವರು, ಮಾತು ಕಡಿಮೆ. ನಾನು ಕಾರು ಕಲಿಸುವವನು ಎಂದು ಯಾರೋ ಹೇಳಿದರು. "ಹಾಗಾದ್ರೆ ನಿಮಗೆ ಜಾಸ್ತಿ ಹೊತ್ತು ಬೇಕಾಗುತ್ತೆ" ಎಂದರು. ಇಷ್ಟು ವರ್ಷದಲ್ಲಿ ನಾನು ಕಲಿಯುವವರ ಸೀಟಿನಲ್ಲಿ ಕೂತದ್ದೇ ಇಲ್ಲ.

ಕೊನೆಯ ಪಾಠ, ನೀರಿಗೆ ಬಿದ್ದವನನ್ನು ಎತ್ತುವುದು. ಅದಕ್ಕೊಂದು ಆಳುದ್ದದ ಸ್ಪಂಜಿನ ಬೊಂಬೆ ಇತ್ತು. ಹೊದಿಕೆ ತೆಗೆದರು. ಬೊಂಬೆ ನೀಲಿ ಚೌಕುಳಿ ಶರ್ಟು ಹಾಕಿಕೊಂಡಿತ್ತು. ಜೇಬು ಬಲಗಡೆ. ಜೇಬಿನೊಳಗೆ ಪೆನ್ನಿಗೆ ಬೇರೆ ಮನೆ. ಗುಂಡಿಗಳೂ ಬಿದ್ದಿದ್ದವು, ಕಾಲರಿನವರೆಗೂ ಹಾಕಿತ್ತು.

"ಟೈಲರೊಬ್ಬರು ಹೊಲಿದು ತಂದ್ಕೊಟ್ರು" ಎಂದರು ಆಕೆ. "ಬೊಂಬೆಗೆ ಇಷ್ಟು ಒಳ್ಳೆ ಶರ್ಟ್ಯಾಕೆ ಅಂದೆ. ಮನುಷ್ಯ ಅನ್ನಿಸಬೇಕಲ್ಲ ಮೇಡಂ ಅಂದ್ರು."

ಬೊಂಬೆಯನ್ನು ನೀರಿಗೆ ಎಸೆದರು. ನಾನು ಸುತ್ತಿ ಬಂದೆ. ಅದು ಬಲಗಡೆ ಬಂತು. ಏನು ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಊರಿಗೆಲ್ಲ ಭಾಷಣ ಮಾಡಿದವನು ನಾನು. ಹೀಗಿದ್ದೂ, ಬಿಳಿ ಮುಖ ಹತ್ತಿರವಾದ ಕೂಡಲೇ ಕೈ ಮತ್ತೆ ಆಚೆಗೇ ಹೋಯಿತು. ಆಕೆ ತಕ್ಷಣ ಮೋಟಾರು ನಿಲ್ಲಿಸಿದರೂ ಬಾಲ ಬೀಸಿ ಶರ್ಟಿನ ತೋಳು ಫ್ಯಾನಿಗೆ ಸಿಕ್ಕಿ ಭುಜದಿಂದ ಮೊಣಕೈಯವರೆಗೆ ಹರಿಯಿತು.

ಆಕೆ ಬೈಯಲಿಲ್ಲ. "ಇನ್ನೊಂದು ಸಲ" ಎಂದರು. ಮತ್ತೆ ಇನ್ನೊಂದು ಸಲ. ಮಿಕ್ಕವರೆಲ್ಲ ಮನೆಗೆ ಹೋದರು. ಸಂಜೆಯ ಹೊತ್ತಿಗೆ ಮೋಟಾರು ತಗ್ಗಿಸಿ, ಅವನ ಕಡೆಗೇ ತಿರುಗಿಸಿ, ಪಕ್ಕಕ್ಕೆ ಬಂದು ಪೂರ್ತಿ ನಿಲ್ಲಿಸಿ, ಎರಡೂ ಕೈಯಲ್ಲಿ ಎತ್ತಿಕೊಂಡೆ. ನೀರು ಕುಡಿದು ಭಾರವಾಗಿದ್ದ. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದೆ.

ಶರ್ಟು ಬಿಚ್ಚಿಕೊಂಡು ಹೋಗಲೇ ಎಂದು ಕೇಳಿದೆ. "ಹೊಲಿಸಿ ವಾಪಸ್ ತನ್ನಿ, ಬೇರೆಯವರಿಗೂ ಬೇಕು" ಎಂದರು.

ಜೂನ್ ೨೩, ಸೋಮವಾರ

ಅಂಗಡಿಗೆ ಹೋದೆ. ಮೆಟ್ಟಿಲ ಮೇಲೆಯೇ ನಿಂತು ಶರ್ಟು ಮುಂದೆ ಚಾಚಿದೆ. ಅವನು ತೆಗೆದುಕೊಂಡು ಹರಿದ ತೋಳನ್ನು ಬೆಳಕಿಗೆ ಹಿಡಿದ.

"ಎಷ್ಟನೇ ಸಲಕ್ಕೆ?"

"ಮೊದಲನೇದಕ್ಕೇ."

"ಗೊತ್ತಿದ್ದೂ ಆಚೆಗೇ ತಿರುಗಿಸಿದ್ರಾ?"

"ಗೊತ್ತಿದ್ದೂ."

ಅವನು ಹರಿದ ಅಂಚಿನ ಮೇಲೆ ಬೆರಳಾಡಿಸಿದ. ಅವನ ಬಲಗಾಲು ಮೆಷಿನ್ನಿನ ಪಕ್ಕದಲ್ಲಿ ನೆಟ್ಟಗೆ ಚಾಚಿತ್ತು.

"ಕೊನೇಲಿ?"

"ಕೊನೇಲಿ ಎತ್ತಿಕೊಂಡೆ."

ಡಬ್ಬಿ ತೆಗೆದು ನೀಲಿ ನೂಲು ಹುಡುಕಿದ. ಮೆಷಿನ್ನಿನ ಸೂಜಿಗೆ ಪೋಣಿಸಿದ. ಗಿರಾಕಿಗಳ ಸ್ಟೂಲನ್ನು ಊರುಗೋಲಿನಿಂದ ನನ್ನ ಕಡೆಗೆ ತಳ್ಳಿದ.

"ಕೂತ್ಕೊಳ್ಳಿ ಭಾವ. ದೊಡ್ಡ ಹರಕು, ಹೊತ್ತಾಗುತ್ತೆ."

ಒಳಗೆ ಹೋಗಿ ಕೂತೆ. ಅವನು ಎಡಗಾಲನ್ನು ಪೆಡಲಿನ ಮೇಲಿಟ್ಟು, ಹಿಮ್ಮಡಿ ಊರಿ, ಮೆಲ್ಲಗೆ ಒತ್ತಿದ.